ಒತಾಕರ್ ಮಾಡಿದ ಹಸಿರು ಏಣಿ

ಆ ಏಣಿಯನ್ನು ಒತಾಕರ್ ಕೈಯಾರೆ ಮಾಡಿದ್ದು ತನ್ನೂರಿನ ನಾಯಕನಿಗಾಗಿ. ಕಪ್ಪಿನ ಫೈನಲ್ ಗೆದ್ದ ತಂಡದ ನಾಯಕ ಏಣಿ ಹತ್ತಿ, ಬುಟ್ಟಿಯ ಬಲೆಯನ್ನು ಕತ್ತರಿಸಿ ಮನೆಗೊಯ್ಯುವುದು ಬಾಸ್ಕೆಟ್‌ಬಾಲ್ ಆಡುವವರ ಪದ್ಧತಿ. ಪ್ರತಿ ವರ್ಷವೂ ಫೈನಲ್ ನಡೆಯುತ್ತಿದ್ದುದು ಒತಾಕರನ ಊರಾದ ಲಿಪೊವೆಟ್ಸ್‌ನಲ್ಲಿ, ಅಲ್ಲಿನ ಅಂಗಣ ದೊಡ್ಡದೆಂಬ ಕಾರಣಕ್ಕೆ. ಅಂಗಣ ನೋಡಿಕೊಳ್ಳುತ್ತಿದ್ದ ಒತಾಕರ್ ಬೀಚ್ ಎಂಬ ಗಟ್ಟಿ ಮರ ತಂದು, ಎಂಟು ಮೆಟ್ಟಿಲು ಕೂರಿಸಿ, ಊರ ತಂಡದ ಹಸಿರು ಬಣ್ಣ ಬಳಿದ. ಆಮೇಲೆ ಹನ್ನೊಂದು ವಸಂತಗಳು ಕಳೆದವು. ಹನ್ನೊಂದು ಸಲವೂ ಅದನ್ನು ಹತ್ತಿದವರು ಲಾಬೆ ನದಿಯ ದಡದ ಒಂದು ಪುಟ್ಟ ಊರಿನವರು. ಹನ್ನೊಂದು ಸಲವೂ ಏಣಿಯನ್ನು ಹಿಡಿದು ನಿಂತವನು ಒತಾಕರ್.

"ಬಸ್ಸಲ್ಲಿ ಒಂದು ಸೀನು ಸೀನೋದರೊಳಗೆ ಮುಗಿದು ಹೋಗೋ ಊರು ಕಣೇ ಅದು! ಅಷ್ಟಕ್ಕೆ ಇಷ್ಟೊಂದು ಕಪ್ಪು ಯಾಕೆ? ಬಿಯರ್ ಕುಡಿಯೋಕಾ?" ಎಂದು ಒತಾಕರ್ ಗೊಣಗಿದ.

ಅಂಗಣದ ಬಾಗಿಲಲ್ಲಿ ಸಾಸೇಜು ಹುರಿದು ಮಾರುತ್ತಿದ್ದ ಹೆಂಡತಿ ಲಿಬುಶೆ ತಿರುಗಿ ನೋಡಲೂ ಇಲ್ಲ. "ಅಲ್ಲೇ ಹುಟ್ಟಬೇಕಿತ್ತು ನೀವು. ಅವರ ಅಂಗಣ ನೋಡ್ಕೊಳ್ಳೋನಿಗೆ ಗೆದ್ದ ಕಪ್ಪುಗಳ ಧೂಳು ಒರೆಸೋದೇ ಕೆಲಸವಂತೆ, ಪುಣ್ಯವಂತ!"

ಆ ಮಾತು ಅವನನ್ನು ಚುಚ್ಚಿತು. ತಾನೂ ಅದನ್ನೇ ಅಂದುಕೊಂಡಿದ್ದುಂಟು.

ಹನ್ನೆರಡನೆಯ ವರ್ಷ, ತನ್ನೂರು ಗೆದ್ದರಷ್ಟೇ ಹೊರತರೋಣವೆಂದು, ಅವನು ಪಂದ್ಯಕ್ಕೆ ಮೊದಲೇ ಏಣಿಯನ್ನು ಬಾಯ್ಲರ್ ಕೋಣೆಯಲ್ಲಿಟ್ಟು ಬೀಗ ಜಡಿದ. ಕೊನೆಯ ಎರಡು ನಿಮಿಷದವರೆಗೂ ಲಿಪೊವೆಟ್ಸ್ ಮುಂದಿತ್ತು. ಬೀಗದ ಕೈ ಅವನ ಮುಷ್ಟಿಯಲ್ಲಿ ಬೆವರುತ್ತಿತ್ತು. ಆದರೆ ಗೆದ್ದವರು ಮತ್ತೆ ಅವರೇ, ಐದು ಅಂಕದಿಂದ. ಏಣಿ ಮುರಿದಿದೆ ಎಂಬ ಸುಳ್ಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಒತಾಕರ್ ಕಾದ. ಯಾರೂ ಕೇಳಲಿಲ್ಲ. ಅವರ ನಾಯಕ ಕ್ರಿಷ್ಟೊಫ್ ಚೀಲ ಹೆಗಲಿಗೇರಿಸಿ ಬಸ್ಸಿನತ್ತ ಹೊರಟೇಬಿಟ್ಟ.

"ಬಲೆ?" ಎಂದು ಕೇಳಿದವನು ಒತಾಕರನೇ.

"ಬಿಡಿ ತಾತ, ಮನೇಲಿ ಜಾಗ ಇಲ್ಲ. ಹಳೇ ಬಲೆಗಳ ಅಡಿ ಗಂಟು ಹಾಕಿ ನಮ್ಮಮ್ಮ ಈರುಳ್ಳಿ ತುಂಬಿಟ್ಟಿದ್ದಾಳೆ."

ಈರುಳ್ಳಿ! ಒತಾಕರ್ ಬಾಯ್ಲರ್ ಕೋಣೆಗೆ ಓಡಿ, ಏಣಿಯನ್ನು ಹೊತ್ತು ತಂದು ಬಸ್ಸಿಗೆ ಅಡ್ಡವಾಗಿ ಇಟ್ಟ. ತಾನೇ ಅಡ್ಡ ಮಲಗಿದನೆಂದು ಹೇಳುವವರೂ ಇದ್ದಾರೆ. ಲಿಬುಶೆ ಅದನ್ನು ಒಪ್ಪುವುದಿಲ್ಲ.

"ಇಳಿಯೋ ಕೆಳಗೆ!" ಎಂದು ಒತಾಕರ್ ಕ್ರಿಷ್ಟೊಫ್‌ನತ್ತ ಕೂಗಿದ. "ಈ ಬಲೆ ಸಿಗಲಿಲ್ಲ ಅಂತ ನಮ್ಮ ಹುಡುಗರು ಒಳಗೆ ಮುಖ ಮುಚ್ಕೊಂಡು ಅಳ್ತಿದ್ದಾರೆ. ನಿನಗೇ ಬೇಡವಾದ್ರೆ ಅವರು ಯಾತಕ್ಕೆ ಅಳ್ಬೇಕು? ಹನ್ನೆರಡು ವರ್ಷ ನಾನ್ಯಾತಕ್ಕೆ ಉರ್ಕೋಬೇಕು?"

ಬಸ್ಸಿನೊಳಗೆ ಎದ್ದ ನಗು ಅಲ್ಲೇ ಅಡಗಿತು. ಕ್ರಿಷ್ಟೊಫ್ ಇಳಿದು, ಒತಾಕರನ ಹಿಂದೆ ಅಂಗಣಕ್ಕೆ ಬಂದು ಏಣಿ ಹತ್ತಿದ. ಈ ಸಲ ಅವನು ಬಲೆಯ ಒಂದೊಂದೇ ಕುಣಿಕೆಯನ್ನು ಅವಸರವಿಲ್ಲದೆ ಕತ್ತರಿಸಿದ. ಒತಾಕರ್ ಎರಡೂ ಕೈಯಿಂದ ಏಣಿಯನ್ನು ಬಿಗಿಯಾಗಿ ಹಿಡಿದಿದ್ದ.

"ತಗೊಳ್ಳಿ ತಾತ, ನೀವೇ ಇಟ್ಕೊಳ್ಳಿ."

ಕಾದ ಕಬ್ಬಿಣ ಕಂಡವನಂತೆ ಒತಾಕರ್ ಕೈ ಹಿಂದೆಳೆದುಕೊಂಡ. "ನಿನ್ನ ಎಂಜಲು ನನಗೆ ಬೇಡ. ತಗೊಂಡು ಹೋಗಿ ಗೋಡೆಗೆ ತೂಗುಹಾಕು. ಈರುಳ್ಳಿ ಮಾತ್ರ ತುಂಬಬೇಡ."

ಬಸ್ಸು ಹೋದ ಮೇಲೆ ಲಿಬುಶೆ ಸಾಸೇಜಿನ ತಟ್ಟೆ ಹಿಡಿದು ಬಂದಳು. ಅವನು ನೆಲದ ಮೇಲೆ ಕುಳಿತು, ಪರರ ಬೂಟುಗಳಿಗೆ ಸವೆದ ಮೆಟ್ಟಿಲುಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದ.

"ಮತ್ತೆ ಅವರು ಹತ್ತೋಕೇನ್ರೀ?"

"ಬಾಯಿ ಮುಚ್ಚೇ," ಎಂದ ಒತಾಕರ್, ಎಂಟನೆಯ ಮೆಟ್ಟಿಲಿಗೆ ಎರಡನೆಯ ಸಲ ಬಣ್ಣ ಹಚ್ಚುತ್ತ.