ಎಡಕ್ಕೆ ಮಲಗಿದ ಎಳೆ

ಗಿಳಿಯ ಬಾಲವನ್ನಷ್ಟೇ ಹೊಲಿದಿಟ್ಟು ಹೋಗಿದ್ದಳು ರಾಧ. ಈಗ ನೋಡಿದರೆ ಇಡೀ ಗಿಳಿಯೇ ಬಂದು ಕೂತಿತ್ತು.

ಅಜ್ಜಿ ಅಕ್ಕಯ್ಯಮ್ಮನಿಗೆ ಜ್ವರವೆಂದು ಬಂಗಾರಪೇಟೆ ಪಕ್ಕದ ತವರಿಗೆ ಹೋಗಿ, ಅಜ್ಜಿ ಎದ್ದು ಕೂತು ಗಂಜಿ ಕುಡಿಯುವವರೆಗೂ ಇದ್ದು, ಆ ಮಧ್ಯಾಹ್ನವಷ್ಟೇ ಕಾಮಸಮುದ್ರದಲ್ಲಿ ಬಸ್ಸಿಳಿದು ಬಂದಿದ್ದಳು. ಕೈಕಾಲು ತೊಳೆದವಳೇ ಬೀರುವಿನ ಮೇಲಿಟ್ಟಿದ್ದ ಕಸೂತಿಯ ಗಂಟನ್ನು ಇಳಿಸಿದಳು. ಶುಕ್ರವಾರ ಹೊಸ ಪಡಸಾಲೆಯ ಪೂಜೆ. ಅಷ್ಟರೊಳಗೆ ಎರಡನೇ ಗಿಳಿ ಮುಗಿಯಬೇಕು, ತೋರಣ ಬಾಗಿಲಿಗೇರಬೇಕು. ಬಸ್ಸಿನುದ್ದಕ್ಕೂ ಅವಳು ಮನಸ್ಸಿನಲ್ಲೇ ರೆಕ್ಕೆ ಹೊಲಿಯುತ್ತ ಬಂದಿದ್ದಳು.

ಇದ್ದ ಜಾಗದಲ್ಲೇ ಕೂತು ನೋಡಿದಳು. ಹಸಿರು ಸರಿಯಾಗಿದೆ, ಕೊಕ್ಕು ಕೆಂಪಗಿದೆ, ಕತ್ತಿನ ಪಟ್ಟಿಯೂ ಇದೆ. ಬಟ್ಟೆಯ ಹಿಂಬದಿ ತಿರುಗಿಸಿದಳು. ಒಂದು ಗಂಟಿಲ್ಲ, ಒಂದು ಜೋಲುದಾರವಿಲ್ಲ. ತಾನೇ ನಿದ್ದೆಗಣ್ಣಲ್ಲಿ ಹೊಲಿದೆನೇ ಎಂದು ಒಂದು ಗಳಿಗೆ ಅನ್ನಿಸಿತು. ಅಜ್ಜಿಯ ಕಥೆಗಳಲ್ಲಿ ಅಂಥದ್ದೆಲ್ಲ ನಡೆಯುತ್ತಿತ್ತು. ಆಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಮೊದಲ ಗಿಳಿ ಫಳಕ್ಕನೆ ಹೊಳೆಯಿತು. ಎರಡನೆಯದು ಮಂಕಾಗಿ ಕೂತಿತ್ತು. ಬಟ್ಟೆಯನ್ನು ಆ ಕಡೆಗೆ ವಾಲಿಸಿದಳು. ಈಗ ಅದು ಹೊಳೆಯಿತು, ಇದು ಮಂಕಾಯಿತು.

ಮೇಲಿನ ಎಳೆ! ಅಡ್ಡಹೊಲಿಗೆ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಮ್ಯಾಟಿ ಬಟ್ಟೆಯ ಪುಟ್ಟ ಚೌಕದಲ್ಲಿ ಒಂದು ಎಳೆ ಹೀಗೆ, ಅದರ ಮೇಲೊಂದು ಎಳೆ ಹಾಗೆ. ಮೇಲಿನದೆಲ್ಲ ಒಂದೇ ಕಡೆಗೆ ಮಲಗಬೇಕು. ರಾಧಳ ಎಳೆಗಳೆಲ್ಲ ಬಲಕ್ಕೆ ಮಲಗಿದ್ದವು. ಈ ಗಿಳಿಯಲ್ಲಿ ಬಾಲ ಬಿಟ್ಟರೆ ಉಳಿದ ಎಳೆಗಳು ಒಂದೂ ಬಿಡದೆ ಎಡಕ್ಕೆ ಮಲಗಿದ್ದವು.

ಮೈಯೆಲ್ಲ ಉರಿದುಹೋಯಿತು. ಮದುವೆಗೆ ಮುಂಚೆ ಚಿನ್ನದ ಗಣಿಯೂರು ಕೋರಮಂಡಲ್‌ನ ಕಲಾ ಅಕ್ಕನ ಜಗಲಿಯಲ್ಲಿ ಹೊಲಿಗೆ ಕಲಿಯುವಾಗ ಶುರುಮಾಡಿದ ಬಟ್ಟೆ ಅದು. ಕಲಾ ಅಕ್ಕ ಅದನ್ನು ಸ್ಯಾಂಪ್ಲರ್ ಅನ್ನುತ್ತಿದ್ದಳು. ಕಲಿತ ಒಂದೊಂದು ನಮೂನೆಯೂ ಅದರಲ್ಲಿ ಸಾಲಾಗಿ ಇರಬೇಕು: ರಾಗಿ ತೆನೆ, ತೊಟ್ಟಿಲು, ಆನೆ, ಕೊನೆಗೆ ಜೋಡಿ ಗಿಳಿ. ಈ ಕಡೆಯ ಊರುಗಳಲ್ಲಿ ಅದೇ ಬಟ್ಟೆಗೆ ಅಂಚು ಕಟ್ಟಿ, ಮಣಿ ಜೋತುಬಿಟ್ಟು ತೋರಣ ಮಾಡುತ್ತಾರೆ. ಸೊಸೆ ತಂದ ತೋರಣ ಬಾಗಿಲಿಗೆ ಬಂದ ಮೇಲೇ ಅತ್ತೆಯದು ಇಳಿಯುವುದು. ರಾಧಳದು ಮದುವೆಯ ಹೊತ್ತಿಗೆ ಆನೆಯ ಸೊಂಡಿಲಿಗೇ ನಿಂತಿತ್ತು. ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ. ಕೊಟ್ಟಿಗೆ ಬಳಿದು, ಅಡಿಗೆ ಮುಗಿಸಿ, ಸಂಜೆ ಹಾಲು ಕರೆಯುವ ಮುಂಚೆ ಸಿಗುತ್ತಿದ್ದ ಇಷ್ಟೇ ಇಷ್ಟು ಹೊತ್ತಿನಲ್ಲಿ ಅವಳು ಸೂಜಿ ಹಿಡಿಯುತ್ತಿದ್ದಳು. ಬಿಗಿದ ಬಟ್ಟೆಯನ್ನು ಸೂಜಿ ತೂರುವಾಗ ಟಪ್ಪೆನ್ನುವ ಸಣ್ಣ ಸದ್ದು, ಹಿಂದೆಯೇ ದಾರ ಎಳೆದುಕೊಂಡು ಬರುವ ಸರ್ರೆಂಬ ಸದ್ದು. ಆ ಎರಡು ಸದ್ದುಗಳ ನಡುವೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಈ ಮನೆಯಲ್ಲಿ ಪಾತ್ರೆ ಅತ್ತೆಯದು, ಹಸು ಮಾವನದು, ಗಾಡಿ ಗಂಡನದು. ಈ ಬಟ್ಟೆಯೊಂದು ಅವಳದು.

ಪುಟ್ಟ ಕತ್ತರಿ ತೆಗೆದುಕೊಂಡು ಹೊರಬಾಗಿಲ ಬಳಿ ಬಂದು ಕೂತು ಗಿಳಿಯ ತಲೆಯಿಂದಲೇ ಬಿಚ್ಚತೊಡಗಿದಳು.

ಅಂಗಳದಲ್ಲಿ ಹುಲ್ಲಿನ ಕಂತೆ ಬಲಗಂಕುಳಿಗೆ ಸೇರಿಸಿಕೊಂಡು ಅತ್ತೆ ಚಿಕ್ಕವೆಂಕಟಮ್ಮ ಬರುತ್ತಿದ್ದರು. ಬೀದಿನಾಯಿಯೊಂದು ಹಾಲಿನ ಕ್ಯಾನಿನ ಹತ್ತಿರ ಮೂಸುತ್ತಿತ್ತು. ಕಂತೆ ಇಳಿಸದೆಯೇ ಬಗ್ಗಿ, ಖಾಲಿಯಿದ್ದ ಕೈಯಲ್ಲಿ ಒಂದು ಕಲ್ಲು ಆರಿಸಿ ಬೀಸಿದರು. ಕುಂಯ್ಯೆಂದು ನಾಯಿ ಓಡಿತು.

"ಮಿಲಿಟ್ರಿಗ್ ಸೇರ್ಬೇಕಾಗಿತ್ತು ನಿಮ್ಮತ್ತೆ," ಎಂದರು ಕಟ್ಟೆಯ ಮೇಲೆ ಕೂತಿದ್ದ ಮಾವ ಸೀನಪ್ಪ.

ರಾಧ ನಗಲಿಲ್ಲ. "ಅತ್ತೆ, ನನ್ನ ಬಟ್ಟೆ ಯಾರು ಮುಟ್ಟಿದ್ದು?"

"ಯಾವ್ ಬಟ್ಟೆ?"

"ಕಸೂತಿದು. ಯಾರೋ ಗಿಣಿ ಹಾಕವ್ರೆ."

ಅತ್ತೆ ಅವಳ ಮಡಿಲಲ್ಲಿ ಬಿದ್ದಿದ್ದ ಹಸಿರು ಚೂರುಗಳನ್ನು ನೋಡಿದರು. ನೋಡಿ, ಕಂತೆಯನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿಕೊಂಡರು. "ನಂಗೇನ್ ಗೊತ್ತಮ್ಮ? ದನಿನ್ ಕೊಟ್ಟಿಗೆ ಬಿಟ್ಟು ಈಚೀಗ್ ಬಂದಿಲ್ಲ ನಾನು. ಇಲಿಗಿಲಿ ಆಡಿರ್ಬೇಕು."

"ಇಲಿ ಕಡಿಯೋದ್ ಕಂಡಿದೀನಿ," ಎಂದರು ಸೀನಪ್ಪ, "ಹೊಲಿಯೋದ್ ಕಾಣೆ ಕಣೇ."

"ನೀನ್ ಸುಮ್ಕಿರು. ಎಮ್ಮೆಗ್ ನೀರ್ ತೋರ್ಸಿದ್ಯಾ?" ಎಂದು ಗಂಡನನ್ನು ಗದರಿಕೊಂಡು ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಪೊರಕೆ ತಂದು, ರಾಧ ಕೂತ ಜಾಗದ ಸುತ್ತ ಬಿದ್ದಿದ್ದ ದಾರದ ಚೂರುಗಳನ್ನು ಗುಡಿಸಿ, ಎತ್ತಿಕೊಂಡು ಹೋದರು.

ಮಾರನೇ ದಿನ ಹಾಲು ಹಾಕಲು ಹೊರಟ ಗಂಡ ನಾಗೇಶನ ಗಾಡಿಯಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಕೋರಮಂಡಲ್‌ಗೆ ಹೋದಳು. ತೋರಣಕ್ಕೆ ಮಣಿ ಬೇಕಿತ್ತು ಎನ್ನುವುದು ನೆಪ. ಗಣಿ ಕಾರ್ಮಿಕರ ಸಾಲಿನಲ್ಲಿದ್ದ ಕಲಾ ಅಕ್ಕನ ಲೈನ್ ಮನೆಯ ಜಗಲಿ ಹಾಗೇ ಇತ್ತು. ಎರಡು ಹೊಲಿಗೆ ಮೆಷಿನ್ನು, ಮೂಲೆಯಲ್ಲಿ ಬಟ್ಟೆಚೂರಿನ ಮೂಟೆ, ಮನೆಗಳ ಹಿಂದೆ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಬೂದುಗುಡ್ಡ. ಕಲಾ ಅಕ್ಕ ಕನ್ನಡಕ ಏರಿಸಿಕೊಂಡು ಅರ್ಧ ಬಿಚ್ಚಿದ ಗಿಳಿಯನ್ನು ಬಿಸಿಲಿಗೆ ಹಿಡಿದಳು.

"ಅಡಡಾ! ಯಾರ್ ಮಾ ಹಾಕಿದ್ದು ಇದು?"

"ಗೊತ್ತಿಲ್ಲ ಅಕ್ಕ. ಎಳೆ ಎಲ್ಲ ಉಲ್ಟಾ."

"ಉಲ್ಟಾ ಇಲ್ಲ. ಇದು ಎಡಗೈ. ಇಂಗೆ ಪಾರು, ಇಲ್ಲಿ ನೋಡು," ಎಂದು ಗಿಳಿಯ ಹೊಟ್ಟೆಯನ್ನು ಉಗುರಿನಿಂದ ಸವರಿದಳು. "ನಾವು ಈ ಕಡೆ ಇಂದ ಹೋಗ್ತೀವಿ. ಎಡಗೈಯವ್ರು ಆ ಕಡೆ ಇಂದ ಬರ್ತಾರೆ. ಒಳ್ಳೇ ಕೈ ಮಾ, ಎಷ್ಟು ಸಮ ಬಂದಿದೆ ನೋಡು. ಆದ್ರೆ ಸ್ಯಾಂಪ್ಲರ್‌ನಲ್ಲಿ ಒಂದೇ ಕೈ ಇರ್ಬೇಕು. ಬಿಚ್ಚಿಬಿಡು. ಇಲ್ಲೇ ಕೂತ್ಕೋ, ಸಾಯಂಕಾಲದ ಒಳಗೆ ಇಬ್ರೂ ಸೇರಿ ಮುಗಿಸಿಬಿಡೋಣ."

"ಇಬ್ರು ಸೇರಿದ್ರೆ ಎರಡು ಕೈ ಆಗಲ್ವಾ ಅಕ್ಕ?"

"ವಾಯಾಡಿ!" ಎಂದು ಕಲಾ ಅಕ್ಕ ಅವಳ ತಲೆಗೊಂದು ಮೊಟಕಿದಳು. ಬಾಯಿಬಡುಕಿ ಅನ್ನುವುದಕ್ಕೆ ಅವಳ ತಮಿಳು ಮಾತು ಅದು.

ಎಡಗೈ ಯಾರದು? ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಒಬ್ಬೊಬ್ಬರನ್ನೇ ನೆನೆದಳು. ನಾಗೇಶನಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಪಕ್ಕದ ಮನೆಯ ಕಲ್ಪನಳಿಗೆ ಮೊಬೈಲು ಬಿಟ್ಟರೆ ಬೇರೇನೂ ಹಿಡಿದು ಗೊತ್ತಿಲ್ಲ. ಆಗ ಹುಲ್ಲಿನ ಕಂತೆ ನೆನಪಾಯಿತು. ಕಂತೆ ಬಲಗಂಕುಳಲ್ಲಿತ್ತು. ಕಲ್ಲು?

ಮನೆಗೆ ಬಂದವಳು ಸೀದಾ ಟ್ರಂಕಿನ ಹತ್ತಿರ ಹೋದಳು. ಪಡಸಾಲೆ ಕಟ್ಟುವಾಗ ಇಳಿಸಿದ್ದ ಹಳೇ ತೋರಣ ಅದರಲ್ಲಿತ್ತು. ಅತ್ತೆ ಮದುವೆಯಾಗಿ ಬರುವಾಗ ತಂದದ್ದು. ಹೊಗೆ, ಬಿಸಿಲು ಕುಡಿದು ಹಸಿರೆಲ್ಲ ಒಣಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷ ಅದರ ಕೆಳಗೆ ಓಡಾಡಿದರೂ ಅವಳು ತಲೆಯೆತ್ತಿ ನೆಟ್ಟಗೆ ನೋಡಿರಲಿಲ್ಲ. ಬೆಳಕಿಗೆ ಹಿಡಿದಳು. ನವಿಲು, ಕಳಸ, ಬಳ್ಳಿ. ಎಲ್ಲ ಎಳೆಗಳೂ ಎಡಕ್ಕೆ ಮಲಗಿದ್ದವು.

ಸೀನಪ್ಪ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದರು. "ಮಾವ, ಅತ್ತೆ ಎಡಚರಾ?"

ಸೀನಪ್ಪ ಸುತ್ತ ನೋಡಿದರು. "ಮೆಲ್ಲಗ್ ಅನ್ನಮ್ಮ. ನಮ್ಮಕ್ಕನ್ ಕಿವಿಗ್ ಬಿದ್ದಾತು."

ಅವರ ಅಕ್ಕನೆಂದರೆ ಊರಿಗೆಲ್ಲ ಪೆದ್ದಮ್ಮ, ತೆಲುಗಿನ ದೊಡ್ಡಮ್ಮ. ಇದೇ ಊರಿನ ಮೇಲಿನ ಬೀದಿಯಲ್ಲಿದ್ದಾರೆ. ಶುಕ್ರವಾರದ ಪೂಜೆಗೆ ಮೊದಲ ಕರೆ ಅವರಿಗೇ.

"ಒಸದಾಗಿ ಬಂದಾಗ ಎಡಗೈಲಿ ಸಾರು ಬಡಿಸ್ಬಿಟ್ಳು. ಅಷ್ಟೇ. ನಮ್ಮಕ್ಕ ಇವಳ ಎಡಗೈನ ಸೆರಗ್ನಲ್ಲಿ ಸೊಂಟಕ್ಕೆ ಬಿಗಿದ್ ಕಟ್ಟಿ ಕೆಲಸ ಮಾಡ್ಸಿದ್ಳು. ಒಂದ್ ಬೇಸಿಗೆ ಪೂರ್ತಿ. ಎಡಗೈಲಿ ಮುಟ್ಟಿದ್ದು ಒಸ್ಲು ದಾಟಿದ್ರೆ ಲಕ್ಷ್ಮಿ ಮುಖ ತಿರುಗಿಸ್ಕೊಂಡ್ ಓಗ್ತಾಳಂತೆ." ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದರು. "ತೋರಣ ಆಗ್ಲೇ ಬಾಗ್ಲಲ್ಲಿತ್ತು, ಅದೂ ಎಡಗೈದೇ. ಇವಳು ಬಾಯಿ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ. ಆವತ್ತಿಂದ ಜನದ್ ಮುಂದೆ ಸೂಜಿ ಇಡ್ದೋಳಲ್ಲ."

"ಮತ್ತೆ ನನ್ನದಕ್ಕೆ ಯಾಕೆ…"

"ನೀನು ಬರೋದ್ ತಡ ಆಗುತ್ತೆ, ಅಕ್ಕ ನಾಕ್ ಜನದೆದ್ರು ಉಡುಗೀನ ಆಡ್ಕೋತಾಳೆ ಅಂದ್ಳು. ಕೊಟ್ಟಿಗೇಲಿ ಕೂತ್ಕೊಂಡು ಹಾಕಿದ್ಳು." ಅವರು ನಕ್ಕರು. "ಅದೊಂದೇ ಅಲ್ಲ ಬಿಡು. ಹಾಕ್ತಾ ಹಾಕ್ತಾ ಏನೋ ಗುನುಗ್ತಾ ಇದ್ಳು. ನಾನಂತೂ ಆ ದನಿ ಕೇಳಿ ಎಷ್ಟ್ ವರ್ಷ ಆಗಿತ್ತೋ. ನಾನ್ ಹೇಳ್ದೆ ಅನ್ಬೇಡ."

ರಾಧ ಒಳಗೆ ಬಂದು ಬಟ್ಟೆ ಮುಂದಿಟ್ಟುಕೊಂಡು ಕೂತಳು. ಗಿಳಿಗೆ ತಲೆಯಿಲ್ಲ, ಒಂದು ರೆಕ್ಕೆಯಿಲ್ಲ. ಕತ್ತರಿ ಪಕ್ಕದಲ್ಲೇ ಇತ್ತು. ಪೂರ್ತಿ ಬಿಚ್ಚಿದರೆ ಬಟ್ಟೆ ಅವಳದಾಗಿ ಉಳಿಯುತ್ತದೆ, ಒಂದೇ ಕೈಯದು, ಕಲಾ ಅಕ್ಕ ಮೆಚ್ಚುವಂಥದ್ದು.

ಚಿಕ್ಕಂದಿನಲ್ಲಿ ಅಕ್ಕಯ್ಯಮ್ಮ ಜೋಡಿ ಗಿಳಿಯ ಕಥೆ ಹೇಳುತ್ತಿದ್ದಳು. ಮೈಸೂರು ಮೈನ್ಸ್ ಚಿನ್ನದ ಗಣಿಗೆ ಮೊಸರು ಹೊತ್ತು ಮಾರಿದವಳು ಅವಳು. ಅವಳ ಕಥೆಗಳೆಲ್ಲ ನೆಲದೊಳಗೇ ಇಳಿಯುತ್ತಿದ್ದವು. ಎರಡು ಗಿಳಿಗಳಿದ್ದವಂತೆ. ಬಂಗಾರ ತರುತ್ತೇನೆಂದು ಒಂದು ನೆಲದೊಳಕ್ಕೆ ಇಳಿಯಿತಂತೆ. ಒಳಗೆ ಹಗಲಿಲ್ಲ, ಇರುಳಿಲ್ಲ. ಅದಕ್ಕೇ ಇನ್ನೊಂದು ಗಣಿಬಾವಿಯ ಬಾಯಲ್ಲಿ ಕೂತು ಹೊತ್ತು ಹೇಳುತ್ತಿತ್ತಂತೆ: ಬೆಳಗಾಯ್ತು ಕಣೇ, ಸಂಜೆಯಾಯ್ತು ಕಣೇ. "ಒಳಗಿರೋದು ಮೇಲೆ ಬರುತ್ತಾ ಅಜ್ಜಿ?" ಎಂದರೆ, "ಮೇಲಿರೋದು ಕೂಗ್ತಾ ಇದ್ರೆ ಬತ್ತದೆ, ಮಲಕ್ಕೋ ಈಗ," ಎನ್ನುತ್ತಿದ್ದಳು.

ರಾಧ ಹಸಿರು ದಾರದಿಂದ ಎರಡೆಳೆ ಬಿಡಿಸಿಕೊಂಡು ಸೂಜಿಗೆ ಪೋಣಿಸಿದಳು. ಬಿಚ್ಚಿದ ಜಾಗದಿಂದ ಹೊಲಿಗೆ ಶುರುಮಾಡಿದಳು, ಮೇಲಿನ ಎಳೆಯನ್ನು ಎಡಕ್ಕೆ ಮಲಗಿಸುತ್ತ. ಕೈ ಕೇಳುತ್ತಿರಲಿಲ್ಲ. ಪ್ರತಿ ಚೌಕಕ್ಕೂ ರೂಢಿಯ ಕಡೆಗೇ ವಾಲುತ್ತಿತ್ತು; ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಅತ್ತೆ ಬಲಗೈಯಲ್ಲಿ ಎಳೆಯುವ ರಂಗೋಲಿಯ ಗೆರೆ ಯಾಕೆ ಅಷ್ಟು ನಡುಗುತ್ತದೆ ಎಂಬುದು ಆಗ ಬೆರಳಿಗೆ ತಿಳಿಯಿತು.

ಹಾಲು ಕರೆಯುವ ಹೊತ್ತಿಗೆ ಮುಂಚೆ ಅತ್ತೆ ಕಾಫಿಯ ಲೋಟ ತಂದು ಪಕ್ಕದಲ್ಲಿಟ್ಟರು. ಇಟ್ಟವರು ಹೋಗಲಿಲ್ಲ. ರಾಧಳೂ ತಲೆಯೆತ್ತಲಿಲ್ಲ. ಸೂಜಿ ಟಪ್ಪೆಂದಿತು, ದಾರ ಸರ್ರೆಂದಿತು.

"ಕಣ್ಣಿನತ್ರ ಒಂದ್ ಚೌಕ ಬಿಟ್ಟಿದೀಯ," ಎಂದರು ಅತ್ತೆ.

"ಎಲ್ಲಿ?"

ಅತ್ತೆ ಬಗ್ಗಿ ತೋರಿಸಿದರು. ಎಡಗೈಯ ಬೆರಳು. ತೋರಿಸಿ, ತಟ್ಟನೆ ಸೆರಗಿನೊಳಗೆ ಎಳೆದುಕೊಂಡರು. "ಕಾಫಿ ಆರೋಗ್ತದೆ, ಕುಡಿ," ಎಂದು ಕೊಟ್ಟಿಗೆಗೆ ನಡೆದರು.

ಶುಕ್ರವಾರ ಪೂಜೆಗೆ ಮೊದಲೇ ಪೆದ್ದಮ್ಮ ಬಂದು ಹೊಸ ಪಡಸಾಲೆಯ ನಡುಮಧ್ಯೆ ಕುರ್ಚಿ ಹಾಕಿಸಿಕೊಂಡು ಕೂತರು. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ತೋರಣ. ಪದ್ಧತಿಯಂತೆ ಮೊದಲು ಹಿಂಬದಿ ತಿರುಗಿಸಿದರು. ತಪ್ಪು ಸಿಗಲಿಲ್ಲ. ಮುಂಬದಿಯನ್ನು ಬಾಗಿಲ ಬೆಳಕಿಗೆ ಹಿಡಿದರು. ಬೀದಿಯ ಹೆಂಗಸರು ಕತ್ತು ಚಾಚಿದರು.

"ಈ ಗಿಣಿ ಯಾಕೆ ಮಂಕ್ ಬಡ್ದಂಗೈತೆ? ಎರಡು ಕೈ ಬಿದ್ದೈತೆ ಇದ್ರಲ್ಲಿ. ಯಾರ್ ಹಾಕಿದ್ದು?"

ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಒಂದು ಹೆಜ್ಜೆ ಒಳಕ್ಕೆ ಸರಿದರು.

"ನಾನೇ, ಪೆದ್ದಮ್ಮ," ಎಂದಳು ರಾಧ. "ಎಲ್ಲ ನಾನೇ. ಅಲ್ಲಿ ಎಳೆ ಎದುರು ಹಾಕಿಬಿಟ್ಟೆ. ಗೊತ್ತಾಗೋಷ್ಟರಲ್ಲಿ ಮುಗಿದೋಗಿತ್ತು."

"ಓದಿದ್ ಉಡುಗಿ ಅಂತ ತಂದ್ವಿ. ಎರಡ್ ವರ್ಷ ತಗೊಂಡ್ಳು, ಆದ್ರೂ ಎಡಬಲ ತಿಳೀಲಿಲ್ಲ ನೋಡ್ರಮ್ಮ!" ಹೆಂಗಸರು ನಕ್ಕರು. ಕಲ್ಪನ ಎಲ್ಲರಿಗಿಂತ ಜೋರಾಗಿ ನಕ್ಕಳು. ರಾಧಳ ಕಿವಿ ಬಿಸಿಯಾಯಿತು. ಸ್ಯಾಂಪ್ಲರ್‌ನ ಆನೆಯನ್ನಾಗಲಿ, ತೆನೆಯನ್ನಾಗಲಿ ಯಾರೂ ನೋಡಲಿಲ್ಲ.

"ಓಗ್ಲಿ ಕಟ್ಲಾ ನಾಗೇಶ, ಒತ್ತಾಯ್ತು," ಎಂದರು ಪೆದ್ದಮ್ಮ.

ನಾಗೇಶ ಸ್ಟೂಲು ಹತ್ತಿ ಮೊಳೆ ಇಟ್ಟು ಸುತ್ತಿಗೆಯಿಂದ ಬಡಿದ. ಹೊಸ ಮರ, ಮೊಳೆ ಸೊಟ್ಟಗಾಯಿತು. ಇನ್ನೊಂದು ಇಟ್ಟ. ಅದೂ ಸೊಟ್ಟಗಾಯಿತು. "ಏನ್ ಮರ ತಂದ್ರೋ," ಎಂದು ಗೊಣಗಿದ.

"ಇಳೀಲಾ ಕೆಳಕ್ಕೆ," ಎಂದರು ಚಿಕ್ಕವೆಂಕಟಮ್ಮ. ತಟ್ಟೆಯನ್ನು ರಾಧಳ ಕೈಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಸ್ಟೂಲು ಹತ್ತಿದರು. ಬಲಗೈಯಲ್ಲಿ ಮೊಳೆ ಹಿಡಿದರು. ಎಡಗೈಯಲ್ಲಿ ಸುತ್ತಿಗೆ ಎತ್ತಿದರು. ಠಣ್, ಠಣ್ ಎಂದು ಮೊಳೆ ನೆಟ್ಟಗೆ ಮರದೊಳಕ್ಕೆ ಇಳಿಯಿತು. ಬಾಗಿಲಿನ ಆ ತುದಿಯ ಮೊಳೆಯೂ ಹಾಗೆಯೇ.

ಪೆದ್ದಮ್ಮನ ದವಡೆ ಅಲ್ಲಾಡುವುದು ನಿಂತಿತು. ನಗುತ್ತಿದ್ದವರ ನಗೆಯೂ ನಿಂತಿತು.

"ನಾಯಿಗ್ ಕಲ್ ಒಡಿಯೋ ಕೈ ಕಣಕ್ಕ ಅದು," ಎಂದರು ಸೀನಪ್ಪ. "ಗುರಿ ತಪ್ಪಲ್ಲ."

ಸ್ಟೂಲಿನ ಮೇಲಿಂದ ಅತ್ತೆ ಕೆಳಗೆ ಕೈ ಚಾಚಿದರು, ಅದೇ ಕೈ. ಪೆದ್ದಮ್ಮ ಮಡಿಲಲ್ಲಿದ್ದ ತೋರಣವನ್ನೊಮ್ಮೆ, ಆ ಕೈಯನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಹೋಗಿ ತೋರಣವನ್ನು ಅದರ ಮೇಲಿಟ್ಟು, ಎಲೆಅಡಿಕೆ ಉಗಿಯಲು ಅಂಗಳಕ್ಕಿಳಿದರು.

ವೈಶಾಖದ ಬಿಸಿಲು ಉತ್ತರದ ಬಾಗಿಲಿಗೆ ಓರೆಯಾಗಿ ಬೀಳುತ್ತದೆ. ಬೆಳಿಗ್ಗೆ ಅಂಗಳ ಸಾರಿಸುವಾಗ ರಾಧಳ ಗಿಳಿ ಹೊಳೆಯುತ್ತಿರುತ್ತದೆ, ಜೊತೆಯದು ಮಂಕಾಗಿರುತ್ತದೆ. ಸಂಜೆ ಹಾಲಿನ ಕ್ಯಾನು ಹೊರಗಿಡುವ ಹೊತ್ತಿಗೆ ಬೆಳಕು ಆ ಕಡೆಯಿಂದ ಬರುತ್ತದೆ. ಆಗ ಇನ್ನೊಂದು ಗಿಳಿ ಎದ್ದು ಹೊಳೆಯುತ್ತದೆ. ಅತ್ತೆ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂತು, ಎಡಗೈಯಲ್ಲಿ ಮಾವನ ಅಂಗಿಗೆ ಗುಂಡಿ ಹೊಲಿಯುತ್ತಿರುತ್ತಾರೆ.