ಎದುರುಬದುರು ಇಟ್ಟ ಟೇಪ್ ರೆಕಾರ್ಡರ್‌ಗಳು

ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದ ಗ್ಲೆನಿಸ್, ಬೂಟು ಬಿಚ್ಚಲೂ ತ್ರಾಣವಿಲ್ಲದೆ ಕುರ್ಚಿಗೆ ಒರಗಿದ್ದಳು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಹೊರಗೆ ಅವಳದೇ ವಯಸ್ಸಿನ ಹೆಂಗಸು, ಕಂಕುಳಲ್ಲಿ ಹಳೆಯ ಟೇಪ್ ರೆಕಾರ್ಡರ್.

"ನಾನು ಪಾಲೀನ್. ಫೋನ್ ಮಾಡಿದ್ನಲ್ಲ, ರಾದರಮ್‌ನಿಂದ. ಕ್ಲೈವ್ ತೀರಿಹೋದದ್ದು ಪೇಪರಲ್ಲಿ ನೋಡ್ದೆ."

"ಬನ್ನಿ. ಮನೆ ಹರಡ್ಕೊಂಡು ಬಿದ್ದಿದೆ, ಕಣ್ಣು ಮುಚ್ಕೊಂಡೇ ಒಳಗೆ ಬನ್ನಿ."

ಕ್ಲೈವ್ ಗ್ಲೆನಿಸಳ ಅಣ್ಣ. ಲಕ್ವ ಹೊಡೆದ ಮೇಲೆ ಅವನ ಮಾತು ನಿಂತುಹೋಗಿತ್ತು. ಉಣಿಸಿ, ಒರೆಸಿ, ಮಗ್ಗುಲು ಬದಲಿಸಿ, ಅದರಲ್ಲೇ ಅವಳ ವರ್ಷಗಳು ಸವೆದವು. ಈ ಚಳಿಗಾಲದಲ್ಲಿ ಅವನು ಹೋದ ಮೇಲೆ ಗೊತ್ತಾಯಿತು, ಅವನ ದನಿ ಹೇಗಿತ್ತೆಂಬುದೇ ಅವಳಿಗೆ ಮರೆತಿದೆ ಎಂದು. ಮುಖ ಕಣ್ಣಿಗೆ ಕಟ್ಟುತ್ತದೆ. ದನಿ ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಅದೊಂದಕ್ಕಾಗಿಯೇ ಈ ಹೆಂಗಸನ್ನು ಬರಹೇಳಿದ್ದಳು.

ಶೆಫೀಲ್ಡಿನ ಉಕ್ಕಿನ ಕಾರ್ಖಾನೆ ಕೆಲಸದಿಂದ ತೆಗೆದ ವರ್ಷ ಕ್ಲೈವ್ ಯಾರಿಂದಲೋ ಹಳೆಯ ಸಿಂಥಸೈಜರ್ ವಾದ್ಯ ತಂದು, ಮಲಗುವ ಕೋಣೆಯಲ್ಲೇ ಆಲ್ಬಮ್ ಮಾಡಿದ್ದ. ಖಾಲಿ ಕ್ಯಾಸೆಟ್ಟನ್ನೂ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಕಳಿಸಿದವರಿಗೆ ಹಾಡು ತುಂಬಿ ವಾಪಸು ಕಳಿಸುತ್ತಿದ್ದ. ಅವನ ಸ್ವಂತ ಪ್ರತಿಯನ್ನು ಅಮ್ಮ ಯಾವಾಗಲೋ ಕಸಕ್ಕೆ ಹಾಕಿದ್ದಳು.

"ಹಾಕ್ಲಾ?" ಅಂದಳು ಪಾಲೀನ್. "ಹುಡುಗಿಯಾಗಿದ್ದಾಗ ಕ್ಯಾಸೆಟ್ ಕಳಿಸಿ ತರಿಸ್ಕೊಂಡಿದ್ದೆ, ಇದನ್ನ ಕೇಳಿ ಅತ್ತದ್ದೇ ಅತ್ತದ್ದು. ಆಮೇಲೆ ಮದುವೆ, ಮಕ್ಕಳು. ಅಟ್ಟ ಸೇರಿತ್ತು."

ಯಂತ್ರದ ತಾಳ ಟಕಟಕ ಎಂದಿತು. ಆಮೇಲೆ ದನಿ, ತಗಡಿನ ಡಬ್ಬಿಯೊಳಗೆ ಕೂತು ಯಾರೋ ಹಾಡಿದ ಹಾಗೆ. ಅದು ಯಾರ ದನಿಯೂ ಆಗಬಹುದಿತ್ತು.

"ದನಿ ಬದಲಿಸೋ ಯಂತ್ರದೊಳಗಿಂದ ಹಾಡ್ತಿದ್ದ. ನನಗದು ನೆನಪೇ ಇರ್ಲಿಲ್ಲ. ತನ್ನದು ಕತ್ತೆ ದನಿ ಅಂತ ನಾಚ್ಕೊಳ್ತಿದ್ದ," ಅಂದಳು ಗ್ಲೆನಿಸ್.

ಎರಡನೆಯ ಹಾಡೂ ಹಾಗೇ, ಮೂರನೆಯದೂ ಹಾಗೇ. ಚಹಾ ಆರಿತು. ಗ್ಲೆನಿಸಳಿಗೆ ಹೋಗಿ ಮಲಗಿಬಿಡೋಣ ಅನ್ನಿಸಿತು.

"ನಿಲ್ಲಿಸ್ಬಿಡಿ, ಪಾಲೀನ್. ಪಾಪ, ರಾದರಮ್‌ನಿಂದ ಹೊತ್ಕೊಂಡು ಬಂದ್ರಿ."

"ಇನ್ನೊಂದು ನಿಮಿಷ ತಡೀರಿ. ಈಗ ಬಾಗಿಲು ಬಡಿಯುತ್ತೆ. ನಂಗೆ ಅದೇ ಇಷ್ಟ."

"ಯಾವ ಬಾಗಿಲು?"

ಹಾಡಿನ ನಡುವೆ ದಢಾರನೆ ಬಾಗಿಲು ಬಡಿಯಿತು. ಒಂದು ಕೆಮ್ಮು. ಆಮೇಲೆ ಹತ್ತಿರದಲ್ಲೇ, ಸ್ವಲ್ಪ ಮೂಗಿನಲ್ಲಿ, ಸಿಟ್ಟಿನಿಂದ:

"ಲೇ ಗ್ಲೆನ್, ಟೇಪ್ ಓಡ್ತಿದೆ ಕಣೇ! ಎಮ್ಮೆ ಥರ ಉಸಿರು ಬಿಡ್ಬೇಡ."

"ಅಮ್ಮ ಕರೀತಿದಾಳೆ. ಬಿಸಿ ಚಿಪ್ಸ್ ಆರೋಗುತ್ತಂತೆ." ಬಾಗಿಲ ಬಳಿಯಿಂದ ಹುಡುಗಿಯ ದನಿ.

"ಆರ್ಲಿ. ಆಚೆ ಹೋಗು."

ಮತ್ತೆ ತಗಡಿನ ಡಬ್ಬಿ.

ಕ್ಲೈವನದೇ ದನಿ ಅದು, ಯಂತ್ರವಿಲ್ಲದ್ದು. ಹಾಡನ್ನು ಪ್ರತಿ ಮಾಡಲು ಎರಡು ಟೇಪ್ ರೆಕಾರ್ಡರ್ ಜೋಡಿಸುವ ತಂತಿ ಅವನಲ್ಲಿರಲಿಲ್ಲ. ಹಾಸಿಗೆಯ ಮೇಲೆ ಎದುರುಬದುರು ಇಟ್ಟು, ಒಂದು ಹಾಡಿದ್ದನ್ನು ಇನ್ನೊಂದರ ಮೈಕಿನಲ್ಲಿ ಹಿಡಿಯುತ್ತಿದ್ದ. ಅಷ್ಟು ಹೊತ್ತೂ ಮನೆಯವರೆಲ್ಲ ಉಸಿರು ಬಿಗಿಹಿಡಿದಿರಬೇಕಿತ್ತು.

"ಬೇಕಂತಲೇ ಹಾಡಿನೊಳಗೆ ಸೇರಿಸಿದಾರೆ ಅಂದ್ಕೊಂಡಿದ್ದೆ," ಎಂದಳು ಪಾಲೀನ್. "ಗ್ಲೆನ್ ಅಂದ್ರೆ ಯಾರೋ ಪ್ರೇಯಸಿ ಅಂತ. ಅದು ನೀವಾ?"

"ಆ ಎಮ್ಮೆ ನಾನೇ ಕಣಮ್ಮ."

ಪಾಲೀನ್ ನಕ್ಕಳು.

"ಸ್ವಲ್ಪ ಹಿಂದಕ್ಕೆ ತಿರುಗಿಸ್ತೀಯಾ?" ಅಂದಳು ಗ್ಲೆನಿಸ್.

ಟೇಪು ಸರ್ರನೆ ಹಿಂದೆ ಸರಿಯುತ್ತಿದ್ದಾಗ ಗ್ಲೆನಿಸ್ ಬಗ್ಗಿ, ಬೆಳಗ್ಗೆಯಿಂದ ಕಾಲು ಹಿಂಡುತ್ತಿದ್ದ ಬೂಟುಗಳನ್ನು ಬಿಚ್ಚಿ, ಸದ್ದಾಗದಂತೆ ನೆಲಕ್ಕಿಟ್ಟಳು. ತಾಳ ಮತ್ತೆ ಶುರುವಾಯಿತು. ಅವಳು ಉಸಿರು ಬಿಗಿಹಿಡಿದು ಕೂತಳು.