ಉಡನ ಬಲಗೈ

ಬಡಗಿಗೆ ಉಡ ಎಂಬ ಅಡ್ಡಹೆಸರು ಬಿದ್ದದ್ದು ಅವನ ಕೈಗಳ ದೆಸೆಯಿಂದ. ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ತುಕ್ಕು ಹಿಡಿದು ಕೂತ ಸ್ಕ್ರೂ ಇರಲಿ, ನೀರು ಕುಡಿದು ಊದಿಕೊಂಡ ಬಾಗಿಲಿರಲಿ, ಬೇರೆಯವರೆಲ್ಲ ಜಗ್ಗಿ ಸುಸ್ತಾದ ಮೇಲೆ ಅವನಿಗೆ ಹೇಳಿಕಳಿಸುತ್ತಿದ್ದರು. ಹೆಂಡತಿಯ ತಮ್ಮನೂ ಅದೇ ಕಸುಬಿನವನು. ಮದುವೆಯಾದಾಗಿನಿಂದ ಭಾವ-ಭಾಮೈದ ಜೊತೆಯಾಗಿಯೇ ಕೆಲಸ ಹಿಡಿಯುತ್ತಿದ್ದರು. ಜಗಳವಾದರೆ ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಮುಗಿಯುತ್ತಿತ್ತು.

ಆ ಕೈಗೆ ಏನೋ ಆಗಿದೆ ಎಂದು ಮೊದಲು ಕಂಡದ್ದು ಹೆಂಡತಿಗೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋಗಿ ಅವನು ಕತ್ತಲಲ್ಲಿ ಬೀಗ ಹುಡುಕುವವನಂತೆ ತಡಕಾಡುತ್ತಿದ್ದ. ವರ್ಷಗಟ್ಟಲೆ ಗಡಗಡ ನಡುಗುವ ಯಂತ್ರ ಹಿಡಿದು ಗೋಡೆ ಕೊರೆದ ಬಲಗೈ ಅದು. ಬೆರಳುಗಳಿಗೆ ಹತ್ತಿದ ಜೋಮು ಇಳಿಯುತ್ತಲೇ ಇರಲಿಲ್ಲ.

"ಡಾಕ್ಟರಿಗೆ ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದಳು.

"ಚಳಿಗೆ ಹಾಗಾಗುತ್ತೆ, ಬಿಡು."

ಬೇಸಿಗೆ ಬಂದರೂ ಅವನ ಚಳಿ ಹೋಗಲಿಲ್ಲ. ಅವಳೇ ಎದುರು ನಿಂತು ಗುಂಡಿ ಹಾಕಿ ಕಳಿಸತೊಡಗಿದಳು. ಆ ಬಗ್ಗೆ ಇಬ್ಬರೂ ಮಾತು ಬಿಟ್ಟರು. ತಮ್ಮನ ಕಿವಿಗೂ ಹಾಕಲಿಲ್ಲ.

ಹಳೆಯ ವೈರಿನ ಡ್ರಿಲ್ ಹೊಗೆಯುಗುಳಿ ಕೂತುಹೋದಾಗ, ಈ ಸಲ ಬ್ಯಾಟರಿಯದ್ದೇ ಆಗಬೇಕು ಎಂದು ಭಾಮೈದ ಹಠ ಹಿಡಿದ. ಕರೆಂಟು ಬರದ ಕಟ್ಟಡಗಳಲ್ಲಿ ವೈರು ಎಳೆದು ಎಳೆದು ಅವನಿಗೆ ಸಾಕಾಗಿತ್ತು. ಇಬ್ಬರೂ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯಾಕೆ ಕೆಲಸ ಏನೆಂದು ಕೇಳಿ, ಬಾಗಿಲು ಮತ್ತು ಕಪಾಟು ಎಂದಾಗ ಒಂದು ಗಿಡ್ಡ ಯಂತ್ರವನ್ನು ಮುಂದಿಟ್ಟಳು.

"ನಿಮಗೆ ಇದು ಸಾಕು. ದಿನವಿಡೀ ಎತ್ತಿ ಹಿಡಿದ್ರೂ ತೋಳು ಸೋಲಲ್ಲ. ಮುಂದೆ ಈ ಬಳೆ ಇದೆಯಲ್ಲ, ಬಿಗಿ ಎಷ್ಟು ಬೇಕೋ ಅಷ್ಟಕ್ಕೆ ತಿರುಗಿಸಿ ಇಟ್ಕೊಳ್ಳಿ. ಸ್ಕ್ರೂ ಕೂತ ತಕ್ಷಣ ಕಟಕಟ ಅಂತ ತಾನೇ ಬಿಟ್ಕೊಡುತ್ತೆ."

ಭಾಮೈದ ಎತ್ತಿ ನೋಡಿ ಭಾವನ ಕೈಗೆ ಕೊಟ್ಟ. ಉಡ ಬೆರಳು ಮಡಚಿದ. ಹಿಡಿ ತೆಳ್ಳಗಿತ್ತು. ಕೈಯಲ್ಲಿ ಅದು ಇದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಜಾರಿದ ಯಂತ್ರವನ್ನು ಎಡಗೈಯಿಂದ ಹೊಟ್ಟೆಗೆ ಒತ್ತಿ ಹಿಡಿದುಕೊಂಡ.

"ಸೋಪು ಹಿಡಿದ ಹಾಗೆ ಹಿಡಿದ್ರಲ್ಲ ಭಾವ" ಎಂದು ಭಾಮೈದ ನಕ್ಕ.

ಉಡನ ಮುಖ ಬಿಸಿಯಾಯಿತು. ಮೇಲಿನ ಹಲಗೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿ ಇಳಿಸಲು ಹೇಳಿದ.

"ಅದನ್ನ ಕಬ್ಬಿಣದ ಕೆಲಸದವರು ಒಯ್ಯೋದು" ಎಂದಳು ಅಂಗಡಿಯಾಕೆ. "ಎಲ್ಲಾದ್ರೂ ಕಚ್ಚಿಕೊಂಡ್ರೆ ಹಿಡಿದ ಆಳನ್ನೇ ತಿರುಗಿಸುತ್ತೆ. ಪಕ್ಕದ ಹಿಡಿ ಹಾಕದೆ ಮುಟ್ಟಬಾರದು."

"ಭಾವ, ನಮಗ್ಯಾಕೆ ಈ ಆನೆ?"

"ನನ್ನ ಕೈ ನನಗೆ ಗೊತ್ತು" ಎಂದ ಉಡ. ಆ ಭಾರ ಅವನಿಗೆ ಹಿತವಾಗಿತ್ತು. ಬೆರಳಿಗೆ ಗೊತ್ತಾಗದಿದ್ದರೂ ಕೈಯಲ್ಲಿ ಏನೋ ಇದೆ ಎಂದು ತೋಳಿಗಾದರೂ ತಿಳಿಯುತ್ತಿತ್ತು.

ಅದನ್ನೇ ಕೊಂಡರು. ಕೆಲವು ದಿನ ಎಲ್ಲವೂ ಸರಾಗವಾಗಿ ನಡೆಯಿತು. ಆಮೇಲೆ ಹೊಸ ಕಟ್ಟಡವೊಂದರಲ್ಲಿ ದಪ್ಪ ಬಾಗಿಲುಗಳಿಗೆ ಬೀಗ ಕೂರಿಸುವ ಕೆಲಸ ಬಂತು. ಬೀಗದ ದುಂಡು ತೂತು ಕೊರೆಯಲು ಯಂತ್ರದ ಮೂತಿಗೆ ಬಳೆಯಂಥ ಗರಗಸ ಸಿಕ್ಕಿಸಬೇಕು. ಬಾಗಿಲು ಅಲ್ಲಾಡದಂತೆ ಭಾಮೈದ ಭಾವನ ಬಲಕ್ಕೆ ಕುಕ್ಕುರುಗಾಲಲ್ಲಿ ಕೂತು ಹೆಗಲು ಒತ್ತಿದ; ಗರಗಸ ನೇರ ಹೋಗುತ್ತಿದೆಯೋ ಎಂದು ನೋಡಲು ಮುಖವನ್ನು ಹತ್ತಿರ ತಂದ.

"ಆ ಪಕ್ಕದ ಹಿಡಿ ಹಾಕ್ಕೊಳ್ಳಿ ಭಾವ."

"ಊರುಗೋಲು ಹಿಡಿಯೋ ವಯಸ್ಸು ನನಗಿನ್ನೂ ಬಂದಿಲ್ಲ ಕಣೋ."

ಮರದೊಳಗೊಂದು ಗಂಟಿತ್ತು. ಗರಗಸ ಅದಕ್ಕೆ ತಾಗಿದಾಗ ಯಂತ್ರ ಮುಲುಗಿತು. ಬೆರಳಿಗೆ ಜೀವವಿದ್ದರೆ ಆ ನಡುಕ ತಿಳಿದು ಯಂತ್ರದ ಗುಂಡಿಯಿಂದ ತಾನಾಗಿ ಸಡಿಲವಾಗುತ್ತಿತ್ತು. ಅವನ ಬೆರಳು ಒತ್ತಿಯೇ ಇತ್ತು. ಗರಗಸ ಕಚ್ಚಿ ನಿಂತಿತು, ಯಂತ್ರವೇ ತಿರುಗಿತು. ಅವನ ಮುಷ್ಟಿಯಿಂದ ಕಿತ್ತುಕೊಂಡು ಅದರ ಬ್ಯಾಟರಿಯ ತಳ ಬಲಕ್ಕೆ ಬೀಸಿ ಭಾಮೈದನ ಕಣ್ಣಿಗೆ ಬಡಿಯಿತು. ಅವನು ಕೂಗಲಿಲ್ಲ. ಏನೋ ಮರೆತವನಂತೆ ನೆಲಕ್ಕೆ ಕೂತು, ಮುಖಕ್ಕೆ ಕೈ ಒತ್ತಿಕೊಂಡ. ಬೆರಳ ಸಂದಿಯಿಂದ ರಕ್ತ ಮರದ ಹೊಟ್ಟಿನ ಮೇಲೆ ತೊಟ್ಟಿಕ್ಕಿತು.

ಎಡಗಣ್ಣು ಉಳಿಯಿತು, ಬಲಗಣ್ಣು ಹೋಯಿತು ಎಂದರು ಆಸ್ಪತ್ರೆಯಲ್ಲಿ.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಉಡ ಹೆಂಡತಿಗೆ ಹೇಳಿದ, "ಮಷೀನು ತಿರುಗಿಬಿಡ್ತು."

"ಮಷೀನಿಗೇನು ಗೊತ್ತು? ಕೈ ಸತ್ತಿದ್ದು ನಿಮಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ಒಳಗೆ ಮಲಗಿದ್ದಾನೆ."

ಅವಳು ಎದ್ದು ಒಳಗೆ ಹೋಗಿ ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಅವನು ಬ್ಯಾಂಡೇಜಿನ ಮುಖವನ್ನು ಗೋಡೆಗೆ ತಿರುಗಿಸಿದ.

"ಅವರು ಬಿಡು. ನೀನಾದ್ರೂ ಹೇಳಬಹುದಿತ್ತಲ್ಲಕ್ಕ."

ಆಸ್ಪತ್ರೆಯಿಂದ ಹೊರಟವನು ಅಕ್ಕನ ಮನೆಯ ಹೊಸಿಲು ತುಳಿಯಲಿಲ್ಲ. ಅವಳು ಅಡುಗೆ ಮಾಡಿ ಕೊಂಡುಹೋದರೆ ಡಬ್ಬಿ ಇಸಿದುಕೊಳ್ಳುತ್ತಿದ್ದ, ಒಳಗೆ ಕರೆಯುತ್ತಿರಲಿಲ್ಲ. ಉಡನ ಕೈ ನೋಡಿದ ಡಾಕ್ಟರು, ನರ ಸೊರಗಿದೆ, ಬರಬೇಕಾದಾಗ ಬರಲಿಲ್ಲ ಎಂದರು. ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ದಾರಿಯಲ್ಲಿ ಯಾರಾದರೂ ಹಳೆಯ ರೂಢಿಯಿಂದ "ಏನು ಉಡ" ಎಂದರೆ ಕೇಳದವನಂತೆ ಸಂದಿಗೆ ತಿರುಗುತ್ತಿದ್ದ. ಮನೆಯಲ್ಲಿ ಹೆಂಡತಿ ಈಗಲೂ ಗುಂಡಿ ಹಾಕುತ್ತಿದ್ದಳು, ಮುಖ ನೋಡದೆ.

ಮಳೆಗಾಲ ಮುಗಿಯುವಾಗ ಒಂದು ಬೆಳಿಗ್ಗೆ ಭಾಮೈದ ಬಂದು ಬಾಗಿಲಾಚೆಯೇ ನಿಂತ. ಹೆಗಲ ಚೀಲದಿಂದ ಗಿಡ್ಡ ಡ್ರಿಲ್ಲಿನ ಮೂತಿ ಇಣುಕುತ್ತಿತ್ತು. ಮನೆಯೊಂದರ ಜೋಡಿ ಬಾಗಿಲು ಕೂರಿಸಬೇಕಿತ್ತು. ಒಂಟಿಗಣ್ಣಿಗೆ ಆಳದ ಅಂದಾಜು ಸಿಗುತ್ತಿರಲಿಲ್ಲ. ಡ್ರಿಲ್ಲಿನ ತುದಿ ಸ್ಕ್ರೂವಿನ ತಲೆ ತಪ್ಪಿ ಮರವನ್ನು ಗೀರುತ್ತಿತ್ತು. ಅದನ್ನೆಲ್ಲ ಅವನು ಅಕ್ಕನಿಗೆ ಹೇಳಿದ, ಭಾವನಿಗಲ್ಲ. ಕೊನೆಗೆ ಭಾವನತ್ತ ತಿರುಗಿ ಎಂದ:

"ಹಿಡ್ಕೊಳ್ಳೋಕೆ ಬರಬೇಡಿ. ನೋಡೋಕೆ ಬನ್ನಿ."

ಉಡ ಹೋದ. ಬಾಗಿಲೆತ್ತಿ ಹಿಡಿಯಲು ಮನೆಯವರ ಆಳುಗಳಿದ್ದರು. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. "ಇನ್ನೂ ಮೇಲೆ... ಎಡಕ್ಕೆ... ಹಾಂ, ಕೂತಿತು" ಎಂದಷ್ಟೇ ಹೇಳುತ್ತಿದ್ದ. ಭಾಮೈದ ಒತ್ತುತ್ತಿದ್ದ, ಸ್ಕ್ರೂ ಇಳಿಯುತ್ತಿತ್ತು.

ಸಂಜೆಯ ಹೊತ್ತಿಗೆ ಎರಡು ಬಾಗಿಲೂ ಕೂತವು. ಭಾಮೈದ ಮುಚ್ಚಿ ನೋಡಿ ತಲೆಯಾಡಿಸಿದ. ಮನೆಯೊಡತಿಯೂ ಚೆನ್ನಾಗಿದೆ ಎಂದಳು. ಮುಚ್ಚಿದ ಬಾಗಿಲಿನ ಮೇಲಿನ ಮೂಲೆಯ ಸಂದಿನಲ್ಲಿ ಬೆಳಕಿನ ಸಣ್ಣ ಎಳೆಯೊಂದು ಉಡನಿಗೆ ಕಂಡಿತು. ಬೇರೆ ಯಾರಿಗೂ ಅದು ಕಂಡಿರಲಿಲ್ಲ. ದಿನವಿಡೀ ದುಡಿದ ಭಾಮೈದನ ಅಂಗಿ ಬೆನ್ನಿಗಂಟಿತ್ತು.

"ಮೇಲಿನ ಕೀಲು ಸರಿಯಿಲ್ಲ" ಎಂದ ಉಡ. "ಬಿಚ್ಚಬೇಕು."

ಭಾಮೈದ ಅವನನ್ನು ಒಂದು ಗಳಿಗೆ ನೋಡಿದ. ನಂತರ ಯಂತ್ರದ ಸ್ವಿಚ್ಚನ್ನು ಹಿಮ್ಮುಖಕ್ಕೆ ತಳ್ಳಿ, ಏಣಿ ಹತ್ತಿದ.